ಬೊಮ್ಮಯ್ಯನಿಗೆ ಊಟ ಹುಡುಕಿದ್ದು

ಸಂಜೆ ಶಾಲೆಯಲ್ಲಿ ಅಕ್ಷರ ಕಲಿತ ನಾನು ಕಥೆ ಹೇಳಲು ಹೊರಟದ್ದು ಅತಿಯಾಯಿತೇನೋ, ಓದುವವರು ಕ್ಷಮಿಸಬೇಕು. ಇದನ್ನು ಶನಿಯಾರನೇ ಹೇಳಬೇಕಿತ್ತು. ಅವನನ್ನು ಕೇಳಿದರೆ ನಗುತ್ತಾನೆ, ಹೇಳುವುದಿಲ್ಲ.

ಶನಿಯಾರ ಕುಮಟೆ ಪಕ್ಕದ ಹೊಳನಗದ್ದೆಯಲ್ಲಿ ನನ್ನ ನೆರೆಮನೆಯವನು. ಹಿರೇಗುತ್ತಿಯ ಗಣಪಿಯನ್ನು ಮದುವೆಯಾಗಬೇಕೆಂದು ಅವನಿಗೆ ಆಸೆ, ಗಣಪಿಗೂ ಆಸೆ. ಬೇಕಾದದ್ದು ಅವಳ ಅಪ್ಪ ಬೊಮ್ಮಯ್ಯನ ಒಪ್ಪಿಗೆ. ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಬೊಮ್ಮಯ್ಯ ಮಾತಾಡಲು ಕುಮಟೆಗೆ ಬಂದ. ಸಂಜೆಯ ಬಸ್ಸು ಹೊರಡುವುದರೊಳಗೆ ಮಾತು ಮುಗಿಯಬೇಕಿತ್ತು. ಮರುದಿನ ಹೊನ್ನಾವರದ ಕಡೆಯವರು ಗಣಪಿಯನ್ನು ಕೇಳಲು ಬರುವವರಿದ್ದರು.

ತೊಡಕು ಇದ್ದದ್ದು ಊಟದಲ್ಲಿ. ಬೊಮ್ಮಯ್ಯನ ಮನೆಯ ಕಟ್ಟಳೆಯಂತೆ ಹಸಿದ ಹೊಟ್ಟೆಯಲ್ಲಿ ಮದುವೆಯ ಮಾತು ಆಡುವಂತಿಲ್ಲ. ಮಾತು ಮುಗಿಯುವ ಮೊದಲು ಗಂಡಿನ ಕಡೆಯ ಅನ್ನ ಮುಟ್ಟುವಂತೆಯೂ ಇಲ್ಲ. ಒಂದು ಮನೆಯವರು ಇನ್ನೊಂದು ಮನೆಯದನ್ನು ಉಂಡರೆ ಸಂಬಂಧಕ್ಕೆ ಒಪ್ಪಿದಂತೆಯೇ ಲೆಕ್ಕ. ಹೋಟೆಲು ಯಾರ ಮನೆಯೂ ಅಲ್ಲವಲ್ಲ ಎಂದು ಸೂಚಿಸಿದವನು ನಾನು. ಆಮೇಲೆ ಆದದ್ದಕ್ಕೆಲ್ಲ ನಾನೇ ಹೊಣೆ ಎಂದು ಈಗಲೂ ಅನಿಸುತ್ತದೆ.

ಮೊದಲು ಮೂರುಕಟ್ಟೆಯ ಹೋಟೆಲಿಗೆ ಹೋದೆವು. ಬೊಮ್ಮಯ್ಯ ಇಡ್ಲಿ ಮುರಿದು ಬಾಯಿಯ ತನಕ ತಂದಿದ್ದ. ಒಳಗಿನಿಂದ ಒಬ್ಬ ಹೆಂಗಸು ಇಣುಕಿ, "ಶನಿಯಾರಾ, ಯಾವಾಗ ಬಂದ್ಯೋ?" ಎಂದಳು.

"ಅದ್ಯಾರು?" ಎಂದ ಬೊಮ್ಮಯ್ಯ.

"ನಮ್ಮ ಚಿಕ್ಕಮ್ಮ, ಬಂಗಾರಿ. ಇಲ್ಲಿ ಹಿಟ್ಟು ರುಬ್ಬೂದು ಅವಳೇ."

ಬೊಮ್ಮಯ್ಯ ಇಡ್ಲಿಯನ್ನು ಮೆಲ್ಲನೆ ತಟ್ಟೆಗಿಟ್ಟ. "ಹಂಗಾರೆ ಇದು ನಿಮ್ಮನೆ ಇಡ್ಲಿ ಆತಲ್ಲೋ!"

ನೆಲ್ಲಿಕೇರಿಯ ಹೋಟೆಲಿನಲ್ಲಿ ಬಿಸಿ ಬನ್ಸ್ ಬಂತು. ಅದನ್ನು ಕರಿದವನು ಶನಿಯಾರನ ಭಾವ. ಬಂದರು ರಸ್ತೆಯಲ್ಲಿ ಮೀನಿನ ಸಾರಿನ ಘಮಕ್ಕೆ ಬೊಮ್ಮಯ್ಯ ಕಣ್ಣು ಮುಚ್ಚಿಕೊಂಡ. ತೆರೆದಾಗ ಸೌಟು ಹಿಡಿದು ಎದುರಿಗೆ ನಿಂತಿದ್ದವನು ಶನಿಯಾರನ ಅಜ್ಜಿಯ ತಮ್ಮ.

"ನಿನ್ನ ನೆಂಟರಿಲ್ದ ಒಲೆ ಈ ಊರಲ್ಲಿ ಇಲ್ವನಾ?" ಹಸಿವಿಗೆ ಬೊಮ್ಮಯ್ಯನ ದನಿ ತೆಳ್ಳಗಾಗಿತ್ತು.

"ಇಷ್ಟು ಜನ ಅಡುಗೆ ಮಾಡೂ ಮನೆತನ. ನಿಮ್ಮ ಮಗಳು ಹಸ್ಕಂಡು ಕೂರೂದಿಲ್ಲ ಮಾವ."

"ಮಾವ ಅನ್ಬ್ಯಾಡ. ನಾ ಇನ್ನೂ ಉಂಡಿಲ್ಲ."

ಬಿಸಿಲಲ್ಲಿ ಬಗ್ಗೋಣ ರಸ್ತೆಗೆ ನಡೆದೆವು. ಅಲ್ಲಿ ಭಟ್ಕಳದ ಕಡೆಯ ದಾಸ ಎಂಬವನ ಹೊಸ ಹೋಟೆಲಿತ್ತು. ಶನಿಯಾರ ಕೈ ತೊಳೆಯಲು ಹಿತ್ತಲಿಗೆ ಹೋದ. ಅಷ್ಟರಲ್ಲಿ ನಾನು ಪೊಲೀಸಿನವರಂತೆ ವಿಚಾರಣೆ ಮಾಡಿದೆ: ರುಬ್ಬಿದವರಾರು, ನೀರು ಸೇದಿದವರಾರು, ಸೌದೆ ಒಡೆದವರಾರು. ಕೆಲಸದವಳು ಎಲ್ಲಕ್ಕೂ "ನಾವೇ, ಭಟ್ಕಳದವ್ರು. ನಿಮಗೆ ಊಟ ಬೇಕಾ, ಜಾತಕ ಬೇಕಾ?" ಎಂದಳು.

ಎಲೆ ಹಾಕಿದರು. ಬೊಮ್ಮಯ್ಯ ತಲೆಯೆತ್ತದೆ ಉಂಡ. ಶನಿಯಾರ ಬದನೆಕಾಯಿ ಪಲ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡ. ಬೊಮ್ಮಯ್ಯನೂ ಹಾಕಿಸಿಕೊಂಡು, "ಬದನೆ ಬಾಳ ರುಚಿ. ಎಲ್ಲಿದು ದಾಸಾ?" ಎಂದ.

"ಹಿರೇಗುತ್ತೀದು. ಹೊನ್ನಮ್ಮ ಅಂತ ಒಬ್ಬಳು ಹೊತ್ಕ ಬತ್ತಾಳೆ."

ಹೊನ್ನಮ್ಮ ಬೊಮ್ಮಯ್ಯನ ಹೆಂಡತಿ.

ಬೊಮ್ಮಯ್ಯ ತನ್ನ ಎಲೆ ನೋಡಿದ. ಆಮೇಲೆ ಶನಿಯಾರನ ಎಲೆ ನೋಡಿದ. ಅದರಲ್ಲಿ ಬದನೆಯ ತೊಟ್ಟು ಮಾತ್ರ ಉಳಿದಿತ್ತು.

"ನಾ ಇವನ ಮನೇದು ಒಂದು ಅಗಳೂ ಮುಟ್ಲಿಲ್ಲ. ಈ ಕಳ್ಳ ನಮ್ಮನೇದು ಗಡದ್ದಾಗಿ ಉಂಡ್ನಲ್ಲೋ!"

ಶನಿಯಾರ ಆ ತೊಟ್ಟನ್ನೂ ಚೀಪಿದ.

ಬೊಮ್ಮಯ್ಯ ದೀರ್ಘವಾಗಿ ತೇಗಿದ. "ಎಂತ ಮಾಡೂದು. ಉಂಡದ್ದು ಉಂಡಾತು. ಹೂಂ, ಈಗ ಮಾವ ಅನ್ನು."

ಅವನು ಸಂಜೆಯ ಬಸ್ಸು ಹತ್ತಿದ. ಹೊನ್ನಾವರದವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ.

ನನ್ನ ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಶನಿಯಾರ ಕೈ ತೊಳೆಯಲು ಹೋದವನು ಹಿತ್ತಲಲ್ಲಿ ಬಹಳ ಹೊತ್ತು ಇದ್ದ. ದಾಸನೂ ಆಗ ಅಲ್ಲೇ ಇದ್ದ. ದಾಸನಿಗೆ ಬದನೆ ಮಾರಿದ್ದು ಹೌದಾ ಎಂದು ಮದುವೆಯ ದಿನ ಹೊನ್ನಮ್ಮನನ್ನು ಕೇಳಿದೆ. "ಕುಮಟೆ ತುಂಬ ಮಾರ್ತೆ. ತಕಂಡವ್ರ ಹೆಸ್ರೆಲ್ಲ ಯಾರು ಕೇಳ್ತ್ರು?" ಎಂದಳು. ಆ ಬದನೆಕಾಯಿ ಯಾರ ಹಿತ್ತಲಿನದೋ, ನನಗೆ ಇವತ್ತಿಗೂ ಗೊತ್ತಿಲ್ಲ.