ಇನ್ನೊಂಚೂರು

ಯಾರದೋ ರಬ್ಬರ್ ಚಪ್ಪಲಿ ಕಿರ್ ಕಿರ್ ಎನ್ನುತ್ತಿದೆ, ಇಂಥ ಹೊತ್ತಿನಲ್ಲೂ ಅದು ಕಿವಿಗೆ ಬೀಳುತ್ತದಲ್ಲ, ಮೇಜಿನ ಮೇಲೆ ಮಲಗಿದವನ ರಕ್ತನಾಳ ಹರಿದು ಹೃದಯದ ಸುತ್ತ ರಕ್ತ ತುಂಬುತ್ತಿರುವಾಗ ಚಪ್ಪಲಿಯ ಸದ್ದಿಗೆ ಸಿಟ್ಟು ಬರುತ್ತದಲ್ಲ ಎಂದು ಡಾಕ್ಟರಮ್ಮನಿಗೆ ತನ್ನ ಮೇಲೇ ರೇಗಿತು — ಹೆಗಲಿಗೆ ಎಕ್ಸ್-ರೇ ತಡೆಯುವ ಸೀಸದ ಅಂಗಿಯ ಭಾರ, ಕಣ್ಣು ಪರದೆಯ ಮೇಲೆ, ಬೆರಳು ಬಲೂನಿನ ಪಂಪಿನ ಮೇಲೆ, ಪಂಪಿಗೆ ಕೊಂಡಿಯಿದೆ, ಕೈ ಬಿಟ್ಟರೂ ಬಲೂನು ಇಳಿಯುವುದಿಲ್ಲ, ಆದರೂ ಬೆರಳು ಬಿಡುತ್ತಿಲ್ಲ. ಬಲೂನು ನಾಳದೊಳಗೆ ಉಬ್ಬಿ ಕೂತಿದೆ, ಹರಿದ ಜಾಗಕ್ಕೆ ಒಳಗಿನಿಂದಲೇ ಬಿರಡೆ ಹಾಕಿದ ಹಾಗೆ, ಅದು ಉಬ್ಬಿರುವ ತನಕ ಸೋರುವುದಿಲ್ಲ, ಆದರೆ ಉಬ್ಬಿರುವ ತನಕ ಆಚೆಗಿನ ಹೃದಯಕ್ಕೂ ಹನಿ ರಕ್ತವಿಲ್ಲ, ಬಿಟ್ಟರೆ ಸೋರುತ್ತದೆ, ಹಿಡಿದರೆ ಹೃದಯ ಸೊರಗುತ್ತದೆ, ಎಂಥ ಕೆಲಸಕ್ಕೆ ಬಂದೆಯೇ ತಾಯಿ. ಡಾಕ್ಟ್ರಮ್ಮ, ಎದೆ ಮೇಲೆ ಯಾರೋ ಕೂತ ಹಾಗಾಗ್ತಿದೆ, ಎಂದ ಮಲಗಿದವನು. ಗೊತ್ತು, ಸ್ವಲ್ಪ ತಡ್ಕೊಳ್ಳಿ, ನಾನೇ ಹಾಗೆ ಮಾಡಿರೋದು. ನಾನೇ ಮಾಡಿರೋದು — ಎಷ್ಟು ಸಲೀಸಾಗಿ ಬಾಯಿಂದ ಬಂತು, ಆತ ಪಾಪ ಚಿಕಿತ್ಸೆಯ ಮಾತೆಂದುಕೊಂಡು ತಲೆಯಾಡಿಸಿದ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಆತ, ಬೆಳಿಗ್ಗೆ ಒಳಗೆ ಕರೆತರುವಾಗ ನಗುತ್ತಲೇ ಹೇಳಿದ್ದ, ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ ಮೇಡಂ, ಕಲಿಯೋರು ಎಷ್ಟೇ ತಪ್ಪು ಮಾಡಿದ್ರೂ ನಾನು ಒತ್ತಿಬಿಡ್ತೀನಿ ಅಂತ. ಈ ಕೋಣೆಯಲ್ಲಿ ಎರಡನೇ ಬ್ರೇಕ್ ಯಾರ ಕಾಲ ಕೆಳಗೂ ಇಲ್ಲ, ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದಾರೆ.

ಕಟ್ಟಿದ ನಾಳವನ್ನು ತೆರೆದಿಡುವ ಜಾಲರಿ, ಸ್ಟೆಂಟು, ಆಗಲೇ ಹಾಕಿಯಾಗಿತ್ತು. ರಕ್ತ ಚೆನ್ನಾಗಿ ಹರಿಯುತ್ತಿತ್ತು. ಅಷ್ಟಕ್ಕೆ ಕೈ ತೊಳೆದುಕೊಂಡು ಹೊರಗೆ ಹೋಗಿ ಆತನ ಹೆಂಡತಿಗೆ ಎಲ್ಲ ಸರಿಹೋಯಿತು ಅನ್ನಬಹುದಿತ್ತು, ಈಗ ಆಕೆ ಕಾಫಿ ಕುಡಿಯುತ್ತಿರುತ್ತಿದ್ದಳು, ಇವಳೂ — ಆದರೆ ಎಕ್ಸ್-ರೇ ಚಿತ್ರದಲ್ಲಿ ಒಂದು ಕಡೆ, ಸುಣ್ಣ ಕಟ್ಟಿ ಗಟ್ಟಿಯಾದ ನಾಳದ ಗೋಡೆ ಸ್ಟೆಂಟನ್ನು ಪೂರ್ತಿ ಅರಳಲು ಬಿಡದೆ ಅಮುಕಿದ ಕಡೆ, ನಡು ಕಿರಿದಾಗಿ ಒಂದು ಸಣ್ಣ ಸೊಂಟ. ಕಂಡೂ ಕಾಣದಷ್ಟು. ಆ ಮನುಷ್ಯನ ಹೃದಯಕ್ಕೆ ಅದರಿಂದ ಅಂಥ ತೊಂದರೆಯೇನೂ ಇರಲಿಲ್ಲ, ತೊಂದರೆಯಿದ್ದದ್ದು ಇವಳ ಕಣ್ಣಿಗೆ, ಅಲ್ಲ, ಇವಳ ಕಣ್ಣಿಗೂ ಅಲ್ಲ, ಶನಿವಾರದ ಮೀಟಿಂಗಿಗೆ. ವಾರದ ಚಿತ್ರಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಹಾಕಿ, ಬಿಸ್ಕತ್ತು ತಿನ್ನುತ್ತ, ಕತ್ತಲಲ್ಲಿ ಕೂತು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮೂಗು ಮುರಿಯುವ ಮೀಟಿಂಗು, ಅಲ್ಲಿ ರೋಗಿ ಇರುವುದಿಲ್ಲ, ನೋವಿರುವುದಿಲ್ಲ, ಕಪ್ಪು ಗೆರೆಗಳು ಮಾತ್ರ, ಕಳೆದ ವಾರ ಇವಳ ಚಿತ್ರ ಬಂದಾಗ ದೊಡ್ಡ ಡಾಕ್ಟರು, ಇವಳಿಗೆ ಕೈ ಹಿಡಿದು ಕೆಲಸ ಕಲಿಸಿದವರು, ಏನಮ್ಮಾ, ನಿನ್ನ ಸ್ಟೆಂಟು ಡಯಟ್ ಮಾಡ್ತಾ ಇದೆಯಾ, ಸೊಂಟ ಇಷ್ಟು ಸಣ್ಣಗಿದೆ ಅಂದಿದ್ದರು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಇವಳೂ ನಕ್ಕಿದ್ದಳು, ನಕ್ಕು ಮನೆಗೆ ಬಂದು ಗಂಡನ ಮೇಲೆ ಕಾರಣವಿಲ್ಲದೆ ಹರಿಹಾಯ್ದಿದ್ದಳು. ಆ ಸಣ್ಣ ನಗು ಇವತ್ತು ಈ ಕೋಣೆಗೆ ಬಂದು ಬೆನ್ನ ಹಿಂದೆ ನಿಂತಿತ್ತು. ಇನ್ನೊಂಚೂರು ಹಿಗ್ಗಿಸೋಣ, ಅಂದಳು. ದೊಡ್ಡ ಬಲೂನು ಕೊಡಿ. ಟೆಕ್ನಿಷಿಯನ್ — ಎಲ್ಲದಕ್ಕೂ ಹೂಂ ಅನ್ನುತ್ತಾನೆಂದು ಇಡೀ ಆಸ್ಪತ್ರೆ ಅವನನ್ನು ಹೂಂಕಾರಪ್ಪ ಎಂದೇ ಕರೆಯುತ್ತದೆ — ಅವನೂ ಒಂದು ಕ್ಷಣ ತಡೆದು, ಚೆನ್ನಾಗೇ ಇದೆಯಲ್ಲ ಮೇಡಂ ಅಂದ. ಚೆನ್ನಾಗೇ ಇದೆಯಲ್ಲ. ಮಗಳೂ ಅದನ್ನೇ ಅಂದಿದ್ದಳು, ಮೊನ್ನೆ, ಬೆಕ್ಕಿನ ಚಿತ್ರ ಬರೆದುಕೊಂಡು ಬಂದಾಗ, ಮೀಸೆ ಒಂದು ಕಡೆ ಸೊಟ್ಟಗಿದೆ ಕೊಡು ಅಂತ ಇವಳೇ ರಬ್ಬರು ತಗೊಂಡು ಉಜ್ಜಿದ್ದು, ಉಜ್ಜಿ ಉಜ್ಜಿ ಕಾಗದವೇ ಹರಿದುಹೋಗಿ ಬೆಕ್ಕಿನ ಮುಖದಲ್ಲಿ ತೂತು, ಚೆನ್ನಾಗೇ ಇತ್ತಲ್ಲ ಅಮ್ಮ, ಅಳಲೂ ಇಲ್ಲ ಹುಡುಗಿ, ಹಾಳೆ ಮಡಚಿಕೊಂಡು ಒಳಗೆ ಹೋದಳು. ಬಲೂನಿನ ಒತ್ತಡ ಏರಿಸಿ, ಎಂದಳು. ಇನ್ನೊಂಚೂರು. ಸೊಂಟ ಹಿಡಿದುಕೊಂಡೇ ಇತ್ತು, ಇನ್ನೊಂಚೂರು, ಪಟ್ಟನೆ ಬಿಟ್ಟಿತು, ಆಹಾ ಎಂದಿತು ಮನಸ್ಸು, ನಿಜವಾಗಿ ಆಹಾ ಎಂದಿತು, ನಾಚಿಕೆಯಾಗಬೇಕು, ಅದೇ ಹೊತ್ತಿಗೆ ಮೇಷ್ಟ್ರು ಅಯ್ಯೋ ಎಂದು ಚೀರಿದ, ಬಲೂನು ಇಳಿಸಿ ಬಣ್ಣದ ಮದ್ದು ಬಿಟ್ಟು ನೋಡಿದರೆ ಗೆರೆಯ ಪಕ್ಕದಲ್ಲಿ ಒಂದು ಕಪ್ಪು ಹೊಗೆ, ನಾಳದೊಳಗೆ ಇರಬೇಕಾದದ್ದು ಹೊರಗೆ ಬಂದು ಹರಡುತ್ತಿದೆ, ಅದೇ ಬಲೂನನ್ನು ಮತ್ತೆ ಉಬ್ಬಿಸಿ ಬಿರಡೆ ಹಾಕಿದಳು.

ರಕ್ತದೊತ್ತಡ ಕೆಳಗಿಳೀತಿದೆ ಮೇಡಂ. ಕಾಣಿಸ್ತಿದೆ. ಹೆಪ್ಪುಗಟ್ಟಿಸೋ ಇಂಜೆಕ್ಷನ್ ಕೊಡ್ಲಾ ಅಂತ ಸಿಸ್ಟರ್, ಬೇಡಮ್ಮ ಬೇಡ, ತಂತಿ ಬಲೂನು ಎಲ್ಲ ಒಳಗಿರುವಾಗ ಕೊಟ್ಟರೆ ಅಲ್ಲೇ ಹೆಪ್ಪುಗಟ್ಟಿ ಇನ್ನೊಂದು ಅನಾಹುತ, ಎಲ್ಲ ಹೊರಗೆ ಬಂದ ಮೇಲೆ, ಇಷ್ಟನ್ನು ಗದರದೆ ಹೇಳಲು ಎಷ್ಟು ಕಷ್ಟವಾಯಿತು. ಹೊದಿಕೆ ಸ್ಟೆಂಟು ಎಲ್ಲಿ, ಜಾಲರಿಯ ಮೇಲೆ ತೆಳು ಪೊರೆ ಸುತ್ತಿರುತ್ತದಲ್ಲ, ತೂತಿಗೆ ತೇಪೆ ಹಾಕುವುದು, ಅದು ಈ ಕೋಣೆಯಲ್ಲಿಲ್ಲ, ಯಾಕಿಲ್ಲ, ವರ್ಷಕ್ಕೊಂದು ಸಲವೂ ಬಳಸೋದಿಲ್ಲ, ಅವಧಿ ಮುಗಿದು ಎಸೀತೀರಿ ಅಂತ ಆಡಳಿತದವರು ಉಗ್ರಾಣಕ್ಕೆ ಸಾಗಿಸಿದ್ದಾರೆ, ಬೆಂಕಿ ಬೀಳದ ವರ್ಷ ನೀರಿನ ಬಕೆಟ್ಟು ಮಾರಿಬಿಡುವ ಜನ. ಅದೋ, ಚಪ್ಪಲಿ ಕಿರ್ ಕಿರ್ ಎಂದು ಓಡುತ್ತ ಬಂತು, ಡಬ್ಬಿ ಬಂತು, ಅಳತೆ ಇದಲ್ಲ, ಇದು ತೆಳ್ಳಗಾಯಿತು, ಒಳಗೆ ಸಡಿಲವಾಗಿ ಅಲ್ಲಾಡುತ್ತದೆ, ಹೋಗಿ, ಇನ್ನೊಂದು ತನ್ನಿ, ಹಲ್ಲು ಕಚ್ಚಿದ್ದು ಮಾಸ್ಕಿನೊಳಗೆ ಯಾರಿಗೂ ಕಾಣಲಿಲ್ಲ. ಜೊತೆಯ ಡಾಕ್ಟರು ಪಕ್ಕೆಲುಬಿನ ಕೆಳಗೆ ಸೂಜಿ ಇಳಿಸಿ ಹೃದಯದ ಸುತ್ತ ತುಂಬಿದ ರಕ್ತವನ್ನು ಎಳೆಯುತ್ತಿದ್ದಾರೆ, ಸಿರಿಂಜಿನಲ್ಲಿ ಕಡುಗೆಂಪು, ಇನ್ನೊಂದು ಸಿರಿಂಜು, ಒತ್ತಡ ಸ್ವಲ್ಪ ಏರಿತು, ಸದ್ಯ. ಮೇಷ್ಟ್ರೇ, ಕಣ್ಣು ಬಿಡಿ, ನನ್ನ ಜೊತೆ ಮಾತಾಡಿ. ಏನು ಮಾತಾಡ್ಲಿ ಡಾಕ್ಟ್ರಮ್ಮ. ಏನಾದ್ರೂ, ನಿಮ್ಮ ಹತ್ರ ಕಲಿತವರಲ್ಲಿ ತುಂಬ ದಡ್ಡರು ಯಾರು ಹೇಳಿ. ನನ್ನ ಹೆಂಡ್ತಿ, ಅಂದ, ಅವನ ತುಟಿ ಬೆಳ್ಳಗಿತ್ತು, ಆದರೂ ಅಂದ, ಇವಳಿಗೆ ನಗು ಬಂತು, ಗೋಡೆಯಾಚೆ ಬೆಂಚಿನ ಮೇಲೆ ಕೂತ ಹೆಂಡತಿ, ಗೇರು ಹಾಕಲು ಬಾರದ ಹೆಂಡತಿ, ಮೇಡಂ ಇನ್ನೂ ಎಷ್ಟೊತ್ತು ಅಂತ ಒಳಗೆ ಹೇಳಿಕಳಿಸಿದ್ದಳಂತೆ, ಏನು ಹೇಳಿಸಲಿ, ನಿಮ್ಮ ಯಜಮಾನರ ಚಿತ್ರ ಚೆಂದ ಮಾಡಲು ಹೋಗಿ ಅಂತ ಹೇಳಿಸಲೇ. ಸರಿಯಾದ ಅಳತೆ ಬಂತು. ತೊಡೆಯಿಂದ ಇನ್ನೊಂದು ನಳಿಗೆ ಏರಿಸಿದಳು, ಒಂದು ದಾರಿಯಲ್ಲಿ ಬಲೂನು ಕಾವಲು ಕಾಯಲಿ, ಇನ್ನೊಂದು ದಾರಿಯಲ್ಲಿ ತೇಪೆ ಬಂದು ಹೊಸ್ತಿಲಲ್ಲಿ ನಿಲ್ಲಲಿ, ಹೀಗೆ ಮಾಡಿದರೆ ಸೋರುವ ಹೊತ್ತು ಕಮ್ಮಿ, ಇದನ್ನು ಕಲಿಸಿದವರೂ ಅದೇ ದೊಡ್ಡ ಡಾಕ್ಟರು, ಬೈಯಲೂ ಆಗುವುದಿಲ್ಲ. ಇಳಿಸಿ. ಹೊಸ ನಳಿಗೆಯ ತಂತಿ ಹರಿದ ಜಾಗ ದಾಟಿತು. ಉಬ್ಬಿಸಿ. ಕಾಯಿರಿ. ಈಗ ಬಲೂನು ಇಳಿಸಿ, ಹಿಂದಕ್ಕೆಳೀರಿ, ಕಪ್ಪು ಹೊಗೆ ಮತ್ತೆ ಎದ್ದಿತು, ತೇಪೆ ತಳ್ಳು, ತಳ್ಳು, ಸುಣ್ಣದ ಮೂಲೆಯಲ್ಲಿ ಸಿಕ್ಕಿಕೊಂಡಿತು ಪೀಡೆ, ಬಾರೋ ನಮ್ಮಪ್ಪ, ದಾಟಿತು, ಉಬ್ಬಿಸಿ, ಉಬ್ಬಿಸಿ.

ಬಣ್ಣ ಬಿಡಿ. ಬಿಟ್ಟರು. ಹೊಗೆ ಇಲ್ಲ. ಗೆರೆ ಮಾತ್ರ ಇದೆ, ಗೆರೆ ತುದಿಯವರೆಗೂ ಇದೆ, ಹೊರಗೆ ಒಂದು ಚುಕ್ಕೆಯೂ ಇಲ್ಲ, ಮತ್ತೊಮ್ಮೆ ಬಿಡಿ, ಇಲ್ಲ, ಸಿಸ್ಟರ್ ದೇವರ ಹೆಸರು ಹೇಳಿದಳು, ಒತ್ತಡ ಏರುತ್ತಿದೆ, ಎದೆ ಹಗುರಾಯ್ತು ಡಾಕ್ಟ್ರಮ್ಮ ಎಂದ ಮೇಷ್ಟ್ರು, ಮತ್ತು ಅದೇ ಚಿತ್ರದಲ್ಲಿ, ತೇಪೆ ಹಾಕಿದ ಜಾಗದಲ್ಲೇ, ಅದೇ ಸುಣ್ಣದ ಗೋಡೆ ಹೊಸ ಸ್ಟೆಂಟನ್ನೂ ಹಿಡಿದುಕೊಂಡಿದೆ, ಒಂದು ಸಣ್ಣ ಸೊಂಟ. ಹೊದಿಕೆಯಿರುವ ಸ್ಟೆಂಟು ದಪ್ಪ, ಸುಲಭಕ್ಕೆ ಅರಳುವುದಿಲ್ಲ, ಗೊತ್ತಿದ್ದದ್ದೇ. ಬಿಟ್ಟರೆ ಪೊರೆಗೆ ರಕ್ತ ಅಂಟಿ ನಾಳೆಯೋ ನಾಡಿದ್ದೋ ಅಲ್ಲಿ ಹೆಪ್ಪುಗಟ್ಟಿ ನಾಳವೇ ಮುಚ್ಚಬಹುದು, ಆಗ ಎಲ್ಲರೂ ಕೇಳುತ್ತಾರೆ, ಕಣ್ಣೆದುರಿನ ಸೊಂಟ ಕಾಣಲಿಲ್ಲವೇ ಅಂತ, ಹಿಗ್ಗಿಸಿದರೆ ಈಗಲೇ ಮತ್ತೆ ಹರಿಯಬಹುದು, ಆಗಲೂ ಕೇಳುತ್ತಾರೆ, ಮಾಡಿದ್ದು ಸಾಲದಾಯಿತೇ ಅಂತ, ಮೊದಲಿನ ಸೊಂಟ ಸುಮ್ಮನೆ ಬಿಡಬಹುದಾಗಿದ್ದ ಸೊಂಟ, ಇದು ಹಾಗಲ್ಲ, ಇದು ನಿಜಕ್ಕೂ ಕೊಲ್ಲಬಲ್ಲದು, ಸುಮ್ಮನಿದ್ದ ಹಾವನ್ನು ಕೆಣಕಿ ಮನೆಯೊಳಗೆ ತಂದುಕೊಂಡೆಯಲ್ಲ. ಹೂಂಕಾರಪ್ಪನ ಕೈಯಲ್ಲಿ ಆಗಲೇ ದೊಡ್ಡ ಬಲೂನಿನ ಪೊಟ್ಟಣ, ಹರಿಯಲಾ ಮೇಡಂ, ಅಂದ, ಅವನ ದನಿಯಲ್ಲಿ ಏನೂ ಇರಲಿಲ್ಲ, ಕೇಳಬೇಕಾದದ್ದನ್ನು ಕೇಳಿದ ಅಷ್ಟೇ. ಇವಳ ನಾಲಿಗೆಯ ತುದಿಯಲ್ಲಿ ಇನ್ನೊಂಚೂರು ಎಂಬ ಮಾತು ಬಂದು ಕೂತಿದೆ, ಕೂತೇ ಇದೆ. ಬೇಡ, ಎಂದಳು. ಮುಗೀತಾ ಡಾಕ್ಟ್ರಮ್ಮ. ಮುಗೀತು. ತಂತಿ ಹೊರಗೆಳೆದದ್ದು ಅವಳೇ, ಹೆಪ್ಪುಗಟ್ಟಿಸೋ ಆ ಇಂಜೆಕ್ಷನ್ ಈಗ ಕೊಡಿ ಎಂದದ್ದೂ ಅವಳೇ, ದೀಪ ಹಾಕಿದರು, ಯಾರೋ ಅವಳ ಬೆನ್ನು ತಟ್ಟಿದರು, ಹೆಂಡತಿಗೆ ಹೇಳಿ ಬರ್ತೀನಿ ಎಂದು ಯಾರೋ ಹೋದರು, ಪರದೆಯನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ, ಕೊನೆಯ ಚಿತ್ರ ತನ್ನಷ್ಟಕ್ಕೇ ಮತ್ತೆ ಮತ್ತೆ ಓಡುತ್ತಿದೆ, ಕಪ್ಪು ತುಂಬುತ್ತದೆ, ಗೆರೆ ಮೂಡುತ್ತದೆ, ಹೃದಯ ಬಡಿಯುತ್ತದೆ, ಆ ಸೊಂಟ, ಕಪ್ಪು ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ, ಆ ಸೊಂಟ, ಬಡಿಯುತ್ತದೆ, ಆ ಸೊಂಟ, ಆ ಸೊಂಟ