ಸೇತುವೆ ದಾಟಿ ಬಂದವರಿಗೊಂದು ಲುಲು ಕೂಗು

ಮದನಿ ಪಟ್ಟಣ ದಂಗೆಕೋರರ ಪಾಲಾಗುತ್ತದೆ ಎಂದು ಯಾರಾದರೂ ಅಂದಿದ್ದರೆ ಸಿತ್ತಾನಾ ಅವರ ಬಾಯಿಗೆ ಕುದಿಯುವ ಚಹಾ ಸುರಿಯುತ್ತಿದ್ದಳು. ನೈಲ್ ಸೇತುವೆಯ ಬುಡದಲ್ಲಿ ಇಪ್ಪತ್ತು ವರ್ಷ ಚಹಾ ಮಾರಿದವಳು ಅವಳು. ಆ ಸೇತುವೆ ಕಾಯುವ ಸರ್ಕಾರಿ ಪಡೆಯಲ್ಲಿ ಅವಳ ಮಗ ಮುಜ್ತಬಾ ಇದ್ದ. ಬೇರೆ ಭರವಸೆ ಏನು ಬೇಕಿತ್ತು? ಅಂದು ಬೆಳಗ್ಗೆ ಅದೇ ಮಗ ಕಾಲಿಗೆ ಗುಂಡು ತಿಂದು ಕುಂಟುತ್ತಾ ಮನೆಗೆ ಬಂದ.

“ಆಚೆ ದಡಕ್ಕೆ ಬಂದ್ಬಿಟ್ಟವ್ರೆ ಅಮ್ಮ. ನಮ್ಮ ಅಧಿಕಾರಿಗಳು ಫೋನೇ ಎತ್ತುತಿಲ್ಲ.”

“ಮೊದ್ಲು ಆ ಯೂನಿಫಾರ್ಮ್ ಬಿಚ್ಚು. ಒಲೆಗೆ ಹಾಕ್ತೀನಿ.”

“ನಾನು ಸತ್ರೂ ಬಿಚ್ಚಲ್ಲ.”

“ಥೂ, ಬಿಡ್ತು ಅನ್ನು!”

ಹಟಮಾರಿ, ಥೇಟ್ ಅಪ್ಪನ ಹಾಗೆ. ಅವನನ್ನು ಒಳಕೋಣೆಯಲ್ಲಿ ಜೋಳದ ಮೂಟೆಗಳ ಹಿಂದೆ ಕೂರಿಸಿದಳು. “ನಾನು ಲುಲು ಹಾಕೋವರೆಗೂ ಉಸಿರೆತ್ತಬೇಡ. ನಮ್ಮೋರು ಬಂದ್ರೆ ತಾನೇ ನಾನು ಲುಲು ಹಾಕೋದು?”

ಮಗು ಹುಟ್ಟಿದರೆ, ಮದುವೆಯಾದರೆ, ಸೈನ್ಯ ಗೆದ್ದು ಬಂದರೆ ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಕೂಗು ಅದು. ಸಿತ್ತಾನಾ ಹಾಕಿದರೆ ಮೂರು ಬೀದಿಗೆ ಕೇಳುತ್ತಿತ್ತು.

ಮಧ್ಯಾಹ್ನ ಸೇತುವೆ ದಾಟಿ ಗಾಡಿಗಳು ಬಂದವು. ಒಂದೇ ಒಂದು ಗುಂಡಿನ ಸದ್ದಿಲ್ಲ. ಗಾಡಿಗಳು ಸೈನ್ಯದವೇ, ಬಾವುಟವೂ ಸೈನ್ಯದ್ದೇ. ಅಬ್ಬಾ, ಬದುಕಿದೆವು! ಅವಳು ಬಾಗಿಲಿಗೆ ಓಡಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಲುಲು ಹಾಕಿದಳು. ಅಕ್ಕಪಕ್ಕದ ಮನೆಗಳಿಂದಲೂ ಕೂಗು ಎದ್ದಿತು.

ಮುಂದಿನ ಗಾಡಿ ಅವಳ ಮನೆಯೆದುರೇ ನಿಂತಿತು. ಇಳಿದವನ ಕಾಲಲ್ಲಿ ರಬ್ಬರ್ ಚಪ್ಪಲಿ. ಸೈನ್ಯದವರು ಚಪ್ಪಲಿ ಮೆಟ್ಟಿ ಬರುವುದುಂಟೆ?

“ಇನ್ನೊಂದ್ಸಲ ಹಾಕು ತಾಯಿ, ಚೆನ್ನಾಗಿತ್ತು,” ಎಂದು ಅವನು ನಕ್ಕ. “ನಿಮ್ಮೋರು ಗಾಡಿ, ಬಾವುಟ ಎಲ್ಲಾ ನಮಗೇ ಬಿಟ್ಟು ಓಡೋದ್ರು. ಲುಲು ಯಾರಿಗೆ ಹಾಕಿದ್ದು?”

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಸಿತ್ತಾನಾ ಬೆನ್ನ ಹಿಂದಿನ ಬಾಗಿಲು ಎಳೆದುಕೊಂಡಳು.

“ಇವತ್ತು ಮಗನ ಮದ್ವೆ ಕಣಪ್ಪ,” ಎಂದಳು.

“ಹೌದಾ! ಎಲ್ಲಿ ಮದುಮಗ?”

ಹಿಂದೆ ಬಾಗಿಲು ಕಿರುಗುಟ್ಟಿತು. ಮುಜ್ತಬಾ ಗೋಡೆ ಹಿಡಿದುಕೊಂಡು, ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದ. ಮುಖದ ತುಂಬ ನಗು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬಾವುಟ ನೋಡಿದ. ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ.

ಚಪ್ಪಲಿಯವನೂ ಸಲ್ಯೂಟ್ ಹೊಡೆದ. ಆಮೇಲೆ ಬಂದೂಕು ಎತ್ತಿದ.

ಪಕ್ಕದ ಮನೆಗಳಲ್ಲಿ ಲುಲು ಇನ್ನೂ ನಿಂತಿರಲಿಲ್ಲ.