ಟೋಪಿ ಹಾಕಿಸಿಕೊಂಡ ಛತ್ರಿ

ಮಳೆಗಳೆಲ್ಲ ಅಕ್ಕತಂಗಿಯರು ಎಂದು ಸುಳ್ಳ ಎಂಬ ಊರಿನ ಉಡಚವ್ವನಿಗೆ ಅವಳ ಅಜ್ಜಿ ಹೇಳುತ್ತಿದ್ದಳು. ಅವರಲ್ಲಿ ಆರಿದ್ರಾ ಬಲು ಗುಣವಂತೆ. ಹೊಸ್ತಿಲಲ್ಲೇ ಕಾಲು ತೊಳೆದು, ತಲೆ ತಗ್ಗಿಸಿ ಒಳಗೆ ಬರುವ ಸೊಸೆ. ಬಂದರೆ ಎಂಟು ದಿನ ಜಿಟಿಜಿಟಿ ಮಾತಾಡುತ್ತ ಕೂರುವವಳು.

ಎರಡು ಸಾವಿರದ ಏಳರ ಹೊತ್ತಿಗೆ ಆ ಸೊಸೆಗೆ ಏನಾಗಿತ್ತೋ. ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಬಂದಳೆಂದರೆ ಬಾಗಿಲು ಒದ್ದೇ ಬರುತ್ತಿದ್ದಳು. ಬೈರಿದೇವರಕೊಪ್ಪದ ರಸ್ತೆಬದಿ ಮೆಂತ್ಯ, ರಾಜಗಿರಿ, ಹಕ್ಕರಿಕಿ ಸೊಪ್ಪು ಹರವಿಕೊಂಡು ಕೂರುವ ಉಡಚವ್ವನ ದೊಡ್ಡ ಕರಿ ಛತ್ರಿ ಒಂದೇ ತಿಂಗಳಲ್ಲಿ ಎರಡು ಸಲ ಮಗುಚಿ ಬಿತ್ತು. ಎರಡು ಸಲವೂ ಪಲ್ಲೆಯೆಲ್ಲ ಕೆಸರು. ಇನ್ನೊಮ್ಮೆ ಹೀಗಾದರೆ ಬುಟ್ಟಿ ಎತ್ತಿಟ್ಟು ಮಂದಿಯ ಹೊಲಕ್ಕೆ ಕಳೆ ಕೀಳಲು ಹೋಗುವುದೇ ಸೈ ಎಂದುಕೊಂಡು, ಮುರಿದದ್ದನ್ನು ಬೇವಿನ ಮರದ ಕೆಳಗಿನ ಅಹಮದಸಾಬರ ಮುಂದಿಟ್ಟಳು.

ಅಹಮದಸಾಬರು ನಲವತ್ತು ವರ್ಷದಿಂದ ಛತ್ರಿ ದುರಸ್ತಿ ಮಾಡುವವರು. ಕಡ್ಡಿಯ ಮೇಲೆ ಬೆರಳಾಡಿಸಿದರೆ ಸಾಕು, ಅದು ಎಂಥ ಮಳೆ ಕಂಡಿದೆ ಎಂದು ಹೇಳಿಬಿಡುತ್ತಿದ್ದರು.

"ಮೊದಲ ಛತ್ರಿ ತುಕ್ಕ ಹಿಡದ ಬರ್ತಿದ್ವು, ಉಡಚವ್ವಾ. ಈಗ ಹೊಸಾವ ಸೊಂಟಾ ಮುರಕೊಂಡ ಬರಾಕತ್ತಾವ. ಎಂಟ ದಿನದ ಮಳಿ ಒಂದ ತಾಸಿನ್ಯಾಗ ಬಿದ್ರ ಅವಾದ್ರೂ ಏನ ಮಾಡ್ತಾವ?"

ಮತ್ತೆ ಮೊದಲಿನ ಹಾಗೆ ಆಗುವುದೇ ಇಲ್ಲವೇ ಎಂದು ಅವಳು ಕೇಳಿದಳು. ಅವರು ಹುಸಿ ಸಮಾಧಾನ ಹೇಳುವವರಲ್ಲ.

"ಇನ್ನೂ ಜೋರ ಆಗತೈತಿ. ಹೆಂಚಿನ ಬುಡಕ ಇದ್ದವ್ರಿಗೆ ತಡಾ ಆಗಿ ಗೊತ್ತಾಗತೈತಿ. ಛತ್ರಿ ಅರಿವಿ ಬುಡಕ, ಗಿಡದ ಬುಡಕ ಕುಂತ ನಿನಗ, ನನಗ, ಮೊದಲ."

ಹಾಗೆಂದವರೇ ಕತ್ತರಿ ತೆಗೆದು ಛತ್ರಿಯ ನೆತ್ತಿಯಲ್ಲಿ ರೊಟ್ಟಿಯಗಲ ಕತ್ತರಿಸಿಬಿಟ್ಟರು. ಉಡಚವ್ವ ಛತ್ರಿ ಕಸಿದುಕೊಳ್ಳಲು ಕೈ ಚಾಚಿದಳು. ಗಾಳಿಗೆ ಒಳಗೆ ಬರಲು ದಾರಿಯಿದೆ, ಹೊರಗೆ ಹೋಗಲು ಇಲ್ಲ, ಅದಕ್ಕೇ ಮುರಿದುಕೊಂಡು ಹೋಗುತ್ತದೆ ಎಂದರು ಅವರು. ತೂತಿಗಿಂತ ಗೇಣು ದೊಡ್ಡದಾದ ಅರಿವೆಯನ್ನು ಮೇಲೆ ಹೊದಿಸಿ, ಕಡ್ಡಿ ಬಿಟ್ಟು ಕಡ್ಡಿಗೆ ನಾಲ್ಕೇ ಕಡೆ ಹೊಲಿದು, ಉಳಿದದ್ದನ್ನು ಸಡಿಲ ಬಿಟ್ಟರು. ನೋಡಿದರೆ ಥೇಟ್ ಅವರ ತಲೆಯ ಮೇಲಿನ ಟೋಪಿಯೇ.

ಚಾದಂಗಡಿಯ ಹನಮೇಶ ಇಂಥದ್ದನ್ನು ಬಿಡುವವನೇ? "ಯವ್ವಾ, ಸಾಬರು ಟೋಪಿ ಹಾಕಿದ್ದು ಛತ್ರಿಗಲ್ಲ, ನಿನಗ" ಎಂದ. ಕುಂತವರೆಲ್ಲ ನಕ್ಕರು. ಅಹಮದಸಾಬರು ಹಲ್ಲಿನಿಂದ ದಾರ ಕಚ್ಚಿ ಹರಿದು ಛತ್ರಿಯನ್ನು ಅವಳ ಕೈಗಿಟ್ಟರು. ನಗಲು ಆಗದ್ದು ಉಡಚವ್ವ ಒಬ್ಬಳಿಗೇ.

ನಾಲ್ಕನೇ ದಿನ ಮಧ್ಯಾಹ್ನ ರಸ್ತೆಯ ಧೂಳೆಲ್ಲ ಎದ್ದು ನಿಂತಿತು. ಹಿಂದೆಯೇ ಮಳೆ, ಕಲ್ಲೆಸೆದಂತೆ. ಹನಮೇಶನ ಅಂಗಡಿಯ ತಗಡು ಕಿತ್ತುಹೋಗಿ ಚರಂಡಿಯಾಚೆ ಬಿತ್ತು. ಉಡಚವ್ವ ಎರಡೂ ಕೈಯಿಂದ ಛತ್ರಿಯ ಕೋಲು ಅಪ್ಪಿ ಕಣ್ಣು ಮುಚ್ಚಿದಳು. ಕೋಲು ನಡುಗಿತು, ಏಳಲಿಲ್ಲ. ಕಣ್ಣು ತೆರೆದು ಮೇಲೆ ನೋಡಿದರೆ, ಕುದಿಯುವ ಗಡಿಗೆಯ ಮುಚ್ಚಳದ ಹಾಗೆ ಟೋಪಿ ಏಳುತ್ತಿತ್ತು, ಕೂರುತ್ತಿತ್ತು. ಒಳಗೆ ನುಗ್ಗಿದ ಗಾಳಿ ಅದರ ಸಂದಿಯಿಂದ ಉಸ್ಸೆಂದು ಹೊರಬೀಳುತ್ತಿತ್ತು. ಅಂಚಿನ ರಾಜಗಿರಿ ತೊಯ್ದದ್ದು ಬಿಟ್ಟರೆ ಪಲ್ಲೆಯೆಲ್ಲ ಬುಟ್ಟಿಯಲ್ಲೇ ಉಳಿಯಿತು. ಸಾಬರ ಬೆರಳುಗಳು ಇಷ್ಟು ದೊಡ್ಡ ಮಳೆಯನ್ನು ಮೊದಲೇ ಓದಿಬಿಟ್ಟಿದ್ದವಲ್ಲ ಎಂದು ಅವಳು ಬೆರಗಾದಳು.

ಮಳೆ ನಿಂತಾಗ ಹನಮೇಶ ತೊಯ್ದ ಕೋಳಿಯಂತಾಗಿ, ಮುರಿದ ಛತ್ರಿ ಹಿಡಿದು ಬೇವಿನ ಮರದ ಕಡೆ ಬಂದ. "ಸಾಬರ, ನನಗೂ ಒಂದ ಟೋಪಿ ಹಾಕ್ರಿ."

ಉಡಚವ್ವ ಅವನನ್ನು ಬದಿಗೆ ಸರಿಸಿ ತನ್ನ ಛತ್ರಿ ಮುಂದೆ ಚಾಚಿದಳು.

"ಮೊದಲ ನಂದ ನೋಡ್ರಿ. ಆ ತೂತ ಇನ್ನಷ್ಟ ದೊಡ್ಡದ ಮಾಡ್ರಿ. ಇನ್ನೂ ಜೋರ ಆಗತೈತಿ ಅಂದಿದ್ರಲ್ಲ?"